ಇಬ್ಬರಿಗೆ ಮಾತ್ರ ಕಂಡ ಐದು

ನನ್ನ ಮಗಳು ಮೆಟ್ರೋ ರೈಲು ಓಡಿಸುವ ಕೆಲಸಕ್ಕೆ ಆಯ್ಕೆಯಾದಾಗ ಮುಂಬಯಿಯ ಘಾಟ್ಕೋಪರಿನ ನಮ್ಮ ಬಿಲ್ಡಿಂಗಿನ ಮನೆಮನೆಗೂ ಪೇಢೆ ಹಂಚಿದ್ದೆವು. ಅವಳು ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿದ್ದಳು. ಲಿಖಿತ ಪರೀಕ್ಷೆ ಪಾಸಾಗಿತ್ತು. ಪರದೆಯ ಮೇಲೆ ಮಿಂಚಿ ಮಾಯವಾಗುವ ಗುರುತು ನೋಡಿ ತಟ್ಟನೆ ಗುಂಡಿ ಒತ್ತುವ ಪರೀಕ್ಷೆಯಲ್ಲಿ ಅವಳ ಚುರುಕು ನೋಡಿ ಅಲ್ಲಿದ್ದವರೇ ಹೊಗಳಿದ್ದರಂತೆ. ಉಳಿದಿದ್ದು ಮೆಡಿಕಲ್ ಒಂದೇ. ಲಿಫ್ಟ್ ಕೆಟ್ಟ ದಿನ ಗ್ಯಾಸ್ ಸಿಲಿಂಡರಿನ ಒಂದು ಕಿವಿ ತಾನು ಹಿಡಿದು ಮೇಲೆ ತರುವ ಹುಡುಗಿಗೆ ಮೆಡಿಕಲ್ ಏನು ಮಹಾ ಎಂದು ನಾವು ಅದರ ಬಗ್ಗೆ ಯೋಚಿಸಿಯೇ ಇರಲಿಲ್ಲ.

ಮೆಡಿಕಲ್‌ಗೆ ಹೋದವಳು ಮಧ್ಯಾಹ್ನಕ್ಕೇ ವಾಪಸಾದಳು. ಭಾನುವಾರವಲ್ಲದಿದ್ದರೂ ಆ ದಿನ ನಾನು ರಜೆ ಹಾಕಿ ಮನೆಯಲ್ಲಿದ್ದೆ. ಚಪ್ಪಲಿ ಬಿಟ್ಟು, ನೀರು ಕುಡಿದು, ಲೋಟ ತೊಳೆದಿಟ್ಟು ಆಮೇಲೆ ಹೇಳಿದಳು.

"ಪಪ್ಪಾ, ನಂಗೆ ಅನ್‌ಫಿಟ್ ಅಂದ್ರು. ಕಲರ್ ಬ್ಲೈಂಡ್ ಅಂತೆ."

ನನ್ನ ಹೆಂಡತಿ ಬಾಲವಾಡಿಯ ಟೀಚರು. ದಿನವಿಡೀ ಮಕ್ಕಳಿಗೆ ಕೆಂಪು ಸೇಬು, ಹಸಿರು ಗಿಳಿ ಎಂದು ಹೇಳಿಕೊಡುವವಳು. ಅವಳಿಗೆ ಸಿಟ್ಟೇ ಬಂತು. "ಹುಚ್ಚ ಹಿಡದೈತೇನು ಅವ್ರಿಗೆ? ನನ್ನ ಮಗಳಿಗೆ ಬಣ್ಣ ಗೊತ್ತಾಗೂದಿಲ್ಲಂತ?"

ಕೆಳಗಿನ ಮಹಡಿಯಲ್ಲಿ ಔಷಧಿ ಅಂಗಡಿ ನಡೆಸಿ ನಿವೃತ್ತರಾದ ಒಬ್ಬ ಹಿರಿಯರಿದ್ದಾರೆ. ವಿಷಯ ಕೇಳಿ ಅವರೂ ಮೇಲೆ ಬಂದು, ಇದು ಗಂಡು ಹುಡುಗರಿಗೆ ಬರುವ ತೊಂದರೆ, ಹುಡುಗಿಯರಿಗೆ ಬರುವುದೇ ಇಲ್ಲ, ಎಲ್ಲೋ ತಪ್ಪಾಗಿದೆ ಎಂದು ಧೈರ್ಯ ಹೇಳಿದರು. ನನಗೂ ಹಾಗೇ ಅನಿಸಿತು. ಮೆಡಿಕಲ್‌ನಲ್ಲಿ ತೋರಿಸಿದ ಚುಕ್ಕೆಗಳ ಪುಸ್ತಕದಲ್ಲಿ ಮಗಳಿಗೆ ಏನು ಕಂಡಿತ್ತು, ಏನು ಕಂಡಿರಲಿಲ್ಲ ಎಂಬುದು ಅವಳಿಗಷ್ಟೇ ಗೊತ್ತಿತ್ತು.

ನನ್ನ ಆಫೀಸು ಇರುವುದು ಕುರ್ಲಾದಲ್ಲಿ, ಒಂದು ಟ್ರಾನ್ಸ್‌ಪೋರ್ಟ್ ಕಂಪನಿ. ಅಲ್ಲಿಂದ ಸ್ಟೇಷನ್ನಿಗೆ ಬರುವ ದಾರಿಯಲ್ಲಿ ಕನ್ನಡಕದ ಅಂಗಡಿಯೊಂದರ ಮೇಲೆ ಕಣ್ಣಿನ ಡಾಕ್ಟರೊಬ್ಬರ ಕ್ಲಿನಿಕ್ಕಿದೆ. ಡಾಕ್ಟರು ವಿಜಯಪುರದ ಕಡೆಯ ಮುಸ್ಲಿಂ ಹೆಣ್ಣುಮಗಳು. ಮನೆಮಾತು ದಖ್ಖನಿ. ಆದರೆ ನನ್ನ ಹಿಂದಿಯಲ್ಲಿ ಧಾರವಾಡದ ಎಳೆತ ಕೇಳಿದೊಡನೆ ಅವರು ಕನ್ನಡಕ್ಕೆ ಹೊರಳುತ್ತಿದ್ದರು. ನನ್ನ ಓದುವ ಕನ್ನಡಕ ಕೊಟ್ಟವರು ಅವರೇ. ಮರುದಿನ ಸಂಜೆಗೆ ಮುಂಚೆ ನಾವು ಮೂವರೂ ಅಲ್ಲಿಗೆ ಹೋದೆವು. ನಾನು ಹೋದದ್ದು ಮೆಡಿಕಲ್ ತಪ್ಪಾಗಿದೆ ಎಂದು ಅವರಿಂದ ಹೇಳಿಸಲಿಕ್ಕೆ.

ಡಾಕ್ಟರು ಅಷ್ಟೂ ಕೇಳಿ, "ಮಾತು ಬ್ಯಾಡ್ರಿ, ನೋಡೇಬಿಡೂಣು" ಎಂದರು. ಕೋಣೆಯ ಹಳದಿ ಬಲ್ಬು ಆರಿಸಿ, ಹಗಲಿನ ಬೆಳಕಿನಂಥ ಬೆಳಕು ಕೊಡುವ ದೀಪ ಹಚ್ಚಿದರು. ಹಳದಿ ಬೆಳಕಿನಲ್ಲಿ ಈ ಪರೀಕ್ಷೆ ಮಾಡಿದರೆ ಉತ್ತರ ಕೆಡುತ್ತದಂತೆ. ಕಪಾಟಿನಿಂದ ಬಟ್ಟೆ ಸುತ್ತಿಟ್ಟಿದ್ದ ಪುಸ್ತಕ ತೆಗೆದು, ಪುಟವನ್ನು ಬೆರಳಿಂದ ಮುಟ್ಟದೆ ಅಂಚು ಹಿಡಿದು ತಿರುವಿದರು. ಬೆವರಿನ ಕಲೆ ಬಿದ್ದರೆ ಬಣ್ಣ ಮಾಸುತ್ತದೆ ಎಂದರು. ಒಂದೊಂದು ಪುಟದಲ್ಲೂ ಬಣ್ಣಬಣ್ಣದ ಚುಕ್ಕೆಗಳ ಒಂದು ದೊಡ್ಡ ದುಂಡು. ಅದರೊಳಗೆ ಒಂದು ಅಂಕಿ ಅಡಗಿರುತ್ತದೆ. ತಡಮಾಡದೆ ಓದಬೇಕು. ಮಗಳು ಓದಿದಳು. ಕೆಲವು ಪುಟಕ್ಕೆ ಅಂಕಿ ಹೇಳಿದಳು, ಬಹಳಷ್ಟಕ್ಕೆ "ಇಲ್ಲಿ ಏನಿಲ್ಲ" ಎಂದಳು. ನಾನು ಬಾಗಿಲ ಹತ್ತಿರ ಕೂತಿದ್ದರಿಂದ ನನಗೆ ಪುಟ ಕಾಣುತ್ತಿರಲಿಲ್ಲ. ಹೆಂಡತಿಯ ಮುಖ ಮಾತ್ರ ಕಾಣುತ್ತಿತ್ತು. ಅವಳು ಮಗಳ ಬೆನ್ನ ಹಿಂದೆ ನಿಂತಿದ್ದಳು. ಪುಟ ತಿರುಗಿದಂತೆಲ್ಲ ಆ ಮುಖ ಬಾಡುತ್ತ ಹೋಯಿತು.

ಡಾಕ್ಟರು ಪುಸ್ತಕ ಮುಚ್ಚಿ ಕೇಳಿದರು, "ಮನ್ಯಾಗ ಮತ್ಯಾರಿಗರ ಹಿಂಗ ಐತೇನ್ರಿ?"

"ಯಾರಿಗೂ ಇಲ್ರಿ ಮೇಡಮ್," ಎಂದೆ ನಾನು.

"ಹಂಗ ಆಗಾಕ ಬರಾಂಗಿಲ್ಲಲ್ಲ. ಬರ್ರಿ ಸರ, ನೀವ ಕೂಡ್ರಿ ಇಲ್ಲೆ."

ನಾನು ಹುಮ್ಮಸ್ಸಿನಿಂದಲೇ ಕೂತೆ. ಮೊದಲ ಪುಟದಲ್ಲಿ ಹನ್ನೆರಡು. ಗಟ್ಟಿಯಾಗಿ ಓದಿದೆ. ಎರಡನೆಯದರಲ್ಲಿ ಮೂರು.

"ರೀ, ಚಾಷ್ಟಿ ಮಾಡಬ್ಯಾಡ್ರಿ," ಎಂದಳು ಹೆಂಡತಿ. "ಅದು ಎಂಟು."

ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದೆ. ಮೂರೇ. ಇನ್ನೊಂದು ಪುಟದಲ್ಲಿ ಇಪ್ಪತ್ತೊಂದು ಎಂದೆ. ಹಿಂದಿನಿಂದ "ಎಪ್ಪತ್ನಾಕರೀ!" ಎಂಬ ಕೂಗು ಬಂತು. ಡಾಕ್ಟರು ತುಟಿಯ ಮೇಲೆ ಬೆರಳಿಟ್ಟು ಅವಳನ್ನು ಸುಮ್ಮನಾಗಿಸಿದರು. ಆಮೇಲಿನ ಪುಟಗಳಲ್ಲಿ ನನಗೆ ಬರೇ ಚುಕ್ಕೆಗಳು. ಒಂದು ಪುಟ, ಖಾಲಿ. ಮತ್ತೊಂದು ಪುಟ, ಅದೂ ಖಾಲಿ. ಹಿಂದೆ ತಿರುಗಿ ಮಗಳನ್ನು ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು, ಕಣ್ಣು ಅಗಲಿಸಿಕೊಂಡು.

ಆಗ ಡಾಕ್ಟರು ಪುಸ್ತಕದ ನಡುವಿನ ಒಂದು ಪುಟ ತೆಗೆದರು. "ಇದರಾಗ ಏನೈತಿ?"

"ಐದು," ಎಂದೆ. ಸ್ಪಷ್ಟವಾಗಿತ್ತು.

"ಐದು," ಎಂದಳು ಮಗಳು ಹಿಂದಿನಿಂದ.

"ಎಲ್ಲೈತಿ ಐದು?" ಹೆಂಡತಿ ಮುಂದೆ ಬಂದು ಪುಟದ ಮೇಲೆ ಬಾಗಿದಳು. "ಇಲ್ಲಿ ಏನೂ ಇಲ್ಲ. ಬರೇ ಚುಕ್ಕಿ."

"ನನಗೂ ಕಾಣಾಂಗಿಲ್ಲ ಅಕ್ಕಾವ್ರ," ಎಂದರು ಡಾಕ್ಟರು ನಗುತ್ತ. "ಈ ಹಾಳಿ ಇವರಂಥಾವ್ರು ಓದಲೆಂತನ ಮಾಡಿದ್ದು. ನನ್ನ ನಿಮ್ಮಂಥಾವ್ರಿಗೆ ಇದರಾಗಿನ ಬಣ್ಣಗೋಳು ದಾರಿ ತಪ್ಪಸ್ತಾವ. ಇವರ ಕಣ್ಣು ಆ ಬಣ್ಣಕ್ಕ ಮೋಸ ಹೋಗೂದಿಲ್ಲ, ಸೀದಾ ಅಂಕಿ ಹಿಡೀತಾವ."

ಮಗಳು ಹೋ ಎಂದು ನಕ್ಕುಬಿಟ್ಟಳು. ಮೆಡಿಕಲ್ ಆದಮೇಲೆ ಅವಳು ನಕ್ಕಿದ್ದು ಅದೇ ಮೊದಲು. "ಮಮ್ಮಿ, ನೀನ್ ಫೇಲ್!" ಎಂದಳು.

ಆಮೇಲೆ ಡಾಕ್ಟರು ಸಣ್ಣ ಡಬ್ಬಿಯೊಂದನ್ನು ತೆರೆದರು. ಅದರಲ್ಲಿ ಅಂಗಿಯ ಗುಂಡಿಗಿಂತ ತುಸು ದೊಡ್ಡದಾದ ಬಣ್ಣದ ಬಿಲ್ಲೆಗಳಿದ್ದವು. ಒಂದಕ್ಕೊಂದು ಹತ್ತಿರದ ಬಣ್ಣ ಬರುವಂತೆ ಸಾಲಾಗಿ ಜೋಡಿಸಬೇಕು. ಮಗಳು ಜೋಡಿಸಿದಳು, ಆಮೇಲೆ ಅವಳ ಸಾಲು ನೋಡದೆ ನಾನೂ ಜೋಡಿಸಿದೆ. ಹಿಂಬದಿಯ ನಂಬರು ನೋಡಿದರೆ ಇಬ್ಬರೂ ಹೆಚ್ಚು ಕಡಿಮೆ ಒಂದೇ ಜಾಗಗಳಲ್ಲಿ ಎಡವಿದ್ದೆವು. ನನ್ನ ಹೆಂಡತಿಯ ಪ್ರಕಾರ ಒಂದು ಗಿಳಿಯ ಪಕ್ಕ ಒಂದು ಇಟ್ಟಿಗೆ ಕೂರಿಸಿದಂತಿತ್ತಂತೆ. ನಮಗೆ ಅದು ಬಹಳ ಚೆಂದದ ಸಾಲಾಗಿ ಕಂಡಿತ್ತು.

ಹೊರಗೆ ಪೇಶಂಟುಗಳು ಕಾಯುತ್ತಿದ್ದರೂ ಡಾಕ್ಟರು ಅವಸರ ಮಾಡಲಿಲ್ಲ. ಚಹಾ ತರಿಸಿ, ಚಿಕ್ಕ ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದರು. ಬಣ್ಣ ಹಿಡಿಯಲಿಕ್ಕೆ ಕಣ್ಣಿನೊಳಗೆ ಮೂರು ಬಗೆಯ ಕೋಶಗಳಿರುತ್ತವೆ. ನಮ್ಮಿಬ್ಬರಲ್ಲಿ ಹಸಿರು ಹಿಡಿಯಬೇಕಾದ ಬಗೆಯದು ಕೆಂಪಿನ ಕಡೆಗೆ ವಾಲಿದೆ. ಅದಕ್ಕೇ ಹಸಿರು, ಕೆಂಪು, ಕಂದು ಇವುಗಳ ನಡುವಿನ ಗೆರೆ ನಮಗೆ ಅಳಿಸಿದಂತಿದೆ. ಹಳೆಯ ಟೀವಿಯಂತೆ ಎಲ್ಲವೂ ಕಪ್ಪುಬಿಳುಪು ಎಂದು ಜನ ತಿಳಿಯುತ್ತಾರೆ, ಹಾಗಲ್ಲ. ನೀಲಿ, ಹಳದಿ ನಮಗೂ ಚೆನ್ನಾಗಿಯೇ ಕಾಣುತ್ತವೆ.

"ಹುಡುಗ್ಯಾರಿಗೆ ಬರೂದಿಲ್ಲಂತಾರಲ್ರಿ?" ಎಂದು ಹೆಂಡತಿ ಕೇಳಿದಳು.

"ಬರೂದು ಕಡಿಮಿ. ಗಂಡಸರಿಗೆ ಇದರದು ಒಂದ ಪ್ರತಿ ಇರ್ತೈತ್ರಿ, ತಾಯಿ ಕೊಟ್ಟಿದ್ದು. ಅದು ಕೆಟ್ಟಿತ್ತಂದ್ರ ಮುಗೀತು. ಹೆಣ್ಣಮಕ್ಕಳಿಗೆ ಎರಡು, ಅಪ್ಪಂದೊಂದು ಅವ್ವಂದೊಂದು. ಎರಡೂ ಹಂಗ ಇದ್ರನ ಹೆಣ್ಣಿಗೆ ಬರೂದು. ಅದಕ್ಕ ಈಕೀನ್ನ ನೋಡಿದ ಕೂಡಲೇ ನಾ ಸರ್‌ನ ಹಿಡದೆ."

"ಅಂದ್ರ ನನ್ನಿಂದನೂ ಬಂದೈತಿ?"

"ಹೌದ್ರಿ. ನಿಮಗ ಕಾಣ್ತೈತಿ, ಆದ್ರ ನಿಮ್ಮ ಹತ್ರಾನೂ ಒಂದ ಅಂಥಾ ಪ್ರತಿ ಐತಿ. ನಿಮ್ಮ ಅಪ್ಪಾರು ಬಣ್ಣ ತಪ್ಪತಿದ್ರೇನು?"

ಹೆಂಡತಿ ಚಹಾದ ಕಪ್ಪು ಕೆಳಗಿಟ್ಟಳು. ನನ್ನ ಮಾವ ತೀರಿಕೊಂಡು ಬಹಳ ಕಾಲವಾಗಿತ್ತು. ಅವರು ಪೇರಲಹಣ್ಣು, ಬಾರೆಹಣ್ಣು ಏನೇ ಕೊಳ್ಳಲಿ, ಮೂಗಿಗೆ ಹಿಡಿದು ಮೂಸಿ, ಬೆರಳಿಂದ ಒತ್ತಿ ನೋಡದೆ ತೆಗೆದುಕೊಳ್ಳುತ್ತಿರಲಿಲ್ಲವಂತೆ. ಹಸಿರು ಸೀರೆ ಉಟ್ಟ ನನ್ನ ಅತ್ತೆಗೆ "ಈ ಮಣ್ಣ ಬಣ್ಣದ್ದು ನಿನಗ ಒಪ್ಪತೈತಿ" ಎಂದು ಹೇಳಿ ಮನೆಮಂದಿಯನ್ನೆಲ್ಲ ನಗಿಸುತ್ತಿದ್ದರಂತೆ. "ನಾವು ಅಪ್ಪಾ ಮಸ್ಕಿರಿ ಮಾಡ್ತಾರಂತ ತಿಳದಿದ್ವಿ," ಎಂದಳು. ಕಣ್ಣು ತುಂಬಿ ಬಂದಿತ್ತು, ತುಟಿಯಲ್ಲಿ ನಗುವೂ ಇತ್ತು.

"ಇದಕ್ಕೆ ದವಾ ಇದೆಯಾ ಡಾಕ್ಟರ್?" ಎಂದು ಮಗಳು ಕೇಳಿದಳು.

"ಇಲ್ಲ ಬೇಟಾ. ಹೆಚ್ಚಾಗೂದಿಲ್ಲ, ಕಡಿಮೀನೂ ಆಗೂದಿಲ್ಲ. ಬಣ್ಣದ ಗ್ಲಾಸ್ ಮಾರ್ತಾರ, ಕೆಲವ್ರಿಗೆ ಫರಕು ಒಂದೀಟು ಎದ್ದು ಕಾಣ್ತೈತಿ. ಅದನ್ನ ಹಾಕ್ಕೊಂಡು ಮೆಡಿಕಲ್ ಪಾಸ್ ಆಗಾಕ ಬಿಡಾಂಗಿಲ್ಲ. ನಾನು ನಿನಗ ಸುಳ್ಳ ಆಸೆ ಹಚ್ಚೂದಿಲ್ಲ." ಆಮೇಲೆ ಅವರು ಅವಳ ಕೈ ಹಿಡಿದು ಹಿಂದಿಯಲ್ಲಿ ಏನೋ ಮೆಲ್ಲಗೆ ಹೇಳಿದರು. ಅದು ಅವರಿಬ್ಬರ ನಡುವಿನ ಮಾತು, ನಾನು ಕೇಳಲು ಹೋಗಲಿಲ್ಲ.

ಕುರ್ಲಾದಿಂದ ಲೋಕಲ್ ಹತ್ತಿದೆವು. ಮೇ ತಿಂಗಳು. ವಿದ್ಯಾವಿಹಾರದ ಹತ್ತಿರ ಹಳಿಯಾಚೆ ಒಂದು ಮರ ಕಂಡು ಹೆಂಡತಿಯನ್ನು ಕೇಳಿದೆ, "ಅದು ಗುಲ್‌ಮೊಹರ್ ಅಲ್ಲೇನು? ನಿನಗ ಹೆಂಗ ಕಾಣ್ತೈತಿ?"

"ಬೆಂಕಿ ಹತ್ತಿಧಂಗ ಐತ್ರಿ. ದೂರಿಂದನ ಕಣ್ಣಿಗೆ ಹೊಡೀತೈತಿ."

ನನಗೆ ಅಲ್ಲಿ ಒಂದು ಮರವಿತ್ತು, ಅಷ್ಟೇ. ಹತ್ತಿರ ಹೋದರೆ ಹೂವು ಕಾಣುತ್ತಿತ್ತು. ಜನ ಗುಲ್‌ಮೊಹರ್ ನೋಡಿ ಬಾಯಿ ತೆರೆಯುವುದು ಒಂದು ರೂಢಿ, ದೊಡ್ಡವರ ಮಾತಿಗೆ ಹೂಂ ಅನ್ನುವಂಥದ್ದು ಎಂದು ಅಷ್ಟು ವರ್ಷ ತಿಳಿದಿದ್ದೆ. ಹುಡುಗನಾಗಿದ್ದಾಗ ಕ್ರಿಕೆಟ್ ಆಡುವಾಗ ಹುಲ್ಲಿನಲ್ಲಿ ಬಿದ್ದ ಕೆಂಪು ಚೆಂಡು ನನ್ನ ಕಾಲ ಬಳಿಯೇ ಇದ್ದರೂ ಕಾಣುತ್ತಿರಲಿಲ್ಲ. ಗೆಳೆಯರು ಬೈದು ಬೈದು ಕೊನೆಗೆ ನನ್ನನ್ನು ಅಂಪೈರ್ ಮಾಡಿದ್ದರು. ಅದನ್ನು ಹೇಳಿದಾಗ ಮಗಳು ನನ್ನ ತೋಳು ಹಿಡಿದು, "ಪಪ್ಪಾ, ನಂಗೂ ಅಷ್ಟೇ! ಬಾಲ್ ಕಾಣ್ತಾನೇ ಇರ್ಲಿಲ್ಲ. ನಾನು ಬೇರೆಯವ್ರು ಓಡೋ ಕಡೆ ಓಡ್ತಿದ್ದೆ," ಎಂದಳು. ಆ ಗದ್ದಲದ ಡಬ್ಬಿಯಲ್ಲಿ ನಿಂತು ನಾವಿಬ್ಬರೂ ಚಾರ್ಜರಿನ ದೀಪ, ಅರೆಮಾಗಿದ ಬಾಳೆಹಣ್ಣು, ಮ್ಯಾಪಿನ ಬಣ್ಣ ಎಂದು ಒಂದೊಂದಾಗಿ ನೆನೆಸಿಕೊಂಡು ತಾಳೆ ನೋಡಿದೆವು. ನನ್ನ ಕಣ್ಣಿಂದ ಲೋಕ ನೋಡುವ ಇನ್ನೊಂದು ಜೀವ ನನ್ನ ಮನೆಯಲ್ಲೇ ಬೆಳೆದಿತ್ತು. ಇಬ್ಬರಿಗೂ ಅದು ಗೊತ್ತಿರಲಿಲ್ಲ.

ಆದರೆ ಅವಳು ನನಗಿಂತ ಬಹಳ ಜಾಣೆ ಎಂಬುದು ಆ ದಿನಗಳಲ್ಲಿ ತಿಳಿಯುತ್ತ ಬಂತು. ಡಿಪ್ಲೊಮಾದಲ್ಲಿ ಕೆಂಪು, ಹಳದಿ, ನೀಲಿ, ಹಸಿರು ವಯರುಗಳ ಜೊತೆ ಅವಳು ಹೇಗೆ ಕೆಲಸ ಮಾಡಿದಳು ಎಂದು ನನಗೆ ಅಚ್ಚರಿ. ಕೇಳಿದೆ. ವರ್ಕ್‌ಶಾಪಿನ ಮೊದಲ ವಾರದಲ್ಲೇ ಆ ಬಣ್ಣಗಳು ಕೆಲವು ತೀರಾ ಹತ್ತಿರ ಹತ್ತಿರ ಇವೆ ಎಂದು ಅವಳಿಗೆ ಅನಿಸಿತ್ತಂತೆ. ಎಲ್ಲರಿಗೂ ಹಾಗೇ ಇರುತ್ತದೆ, ಉಳಿದವರು ಎಚ್ಚರ ವಹಿಸುತ್ತಿಲ್ಲ ಅಷ್ಟೇ ಎಂದು ತಿಳಿದಳಂತೆ. ಪ್ರತಿ ವಯರಿನ ಎರಡೂ ತುದಿಗೆ ಕಾಗದದ ಟೇಪು ಸುತ್ತಿ ಪೆನ್ನಿನಿಂದ ಅಕ್ಷರ ಬರೆಯುತ್ತಿದ್ದಳು. ಮೀಟರ್ ಹಚ್ಚಿ ನೋಡದೆ ಒಂದು ತುದಿಯನ್ನೂ ಜೋಡಿಸುತ್ತಿರಲಿಲ್ಲ. ಅವಳ ಮೇಷ್ಟ್ರು ಇದನ್ನು ಒಳ್ಳೆಯ ಶಿಸ್ತು ಎಂದು ಹೊಗಳಿ ಇಡೀ ಬ್ಯಾಚಿಗೆ ಟೇಪು ಸುತ್ತಲು ಹೇಳಿದ್ದರು. ಯಾರೂ ಕಲಿಸದೆ, ತನ್ನಲ್ಲಿ ಕೊರತೆಯಿದೆ ಎಂದು ಗೊತ್ತೇ ಇಲ್ಲದೆ, ಆ ಕೊರತೆಯನ್ನು ದಾಟುವ ದಾರಿಯನ್ನು ಅವಳೇ ಮಾಡಿಕೊಂಡಿದ್ದಳು. ನಾನು ಇಡೀ ಆಯುಷ್ಯ ಹೂಂ ಎಂದುಕೊಂಡು ಬಂದವನು. ಅವಳು ಪ್ರತಿ ತುದಿಯನ್ನೂ ಮುಟ್ಟಿ ಪರೀಕ್ಷಿಸಿದವಳು.

ದುಃಖವಾಗಲಿಲ್ಲ ಎಂದಲ್ಲ. ನಮ್ಮ ಅಡುಗೆಮನೆಯ ಕಿಟಕಿಯಿಂದ ಮೆಟ್ರೋ ಸ್ಟೇಷನ್ನಿಗೆ ಬರುವ ಗಾಡಿ ಕಾಣುತ್ತದೆ. ಒಂದು ಸಂಜೆ ಅವಳು ಹಿಟ್ಟು ನಾದುತ್ತಿದ್ದವಳು ಗಾಡಿ ಹೋಗುವುದನ್ನು ನೋಡಿ ಹಾಗೇ ಕೈ ನಿಲ್ಲಿಸಿದಳು. "ನಂಗೆ ಬಹಳ ಬೇಕಾಗಿತ್ತು ಪಪ್ಪಾ," ಎಂದಳು. ನಾನು ಹತ್ತಿರ ಹೋಗಿ ನಿಂತೆ. ಅವಳು ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡು ಅತ್ತಳು. ಉಳಿದ ಹಿಟ್ಟನ್ನು ನಾನು ನಾದಿ ಮುಗಿಸಿದೆ.

ಅದೇ ಸುಮಾರಿಗೆ ಅವಳ ಪರಿಚಯದ ಒಬ್ಬಾತ ಫೋನ್ ಮಾಡಿದ. ಆ ಚುಕ್ಕೆ ಪುಸ್ತಕದ ಎಲ್ಲ ಪುಟಗಳ ಉತ್ತರ ತನ್ನ ಬಳಿ ಇದೆ, ಬಾಯಿಪಾಠ ಮಾಡಿಕೊಂಡು ಬೇರೆ ಕಡೆ ಅರ್ಜಿ ಹಾಕು, ಎಷ್ಟೋ ಜನ ಹಾಗೇ ದಾಟಿದ್ದಾರೆ ಎಂದ. ಫೋನ್ ಸ್ಪೀಕರಿನ ಮೇಲಿತ್ತು. ನಾನೂ ಹೆಂಡತಿಯೂ ಅಲ್ಲೇ ಕೂತಿದ್ದೆವು. ಮಗಳು ಹಿಂದಿಯಲ್ಲಿ ಸಮಾಧಾನವಾಗಿಯೇ ಥ್ಯಾಂಕ್ಸ್ ಹೇಳಿ, ಬೇಡ ಎಂದಳು. ಫೋನ್ ಇಟ್ಟಮೇಲೆ ನಮ್ಮ ಕಡೆ ತಿರುಗಿದಳು.

"ಬಾಯಿಪಾಠ ಮಾಡಿದ್ರೆ ಬುಕ್ ಪಾಸ್ ಆಗ್ತೀನಿ. ಸಿಗ್ನಲ್ ಬಾಯಿಪಾಠ ಆಗ್ತದಾ? ನನ್ನ ಹಿಂದೆ ಇಡೀ ಗಾಡಿ ಜನ ಕೂತಿರ್ತಾರೆ. ಅವ್ರು ಏನು ಪಾಪ ಮಾಡಿದಾರೆ?"

ಇಷ್ಟು ಹೇಳಿ ಎದ್ದು ಹೋದಳು. ಅವಳ ಕನ್ನಡ ಅರೆಬರೆ, ಪ್ರತಿ ವಾಕ್ಯಕ್ಕೂ ಎಡವುತ್ತದೆ. ಆದರೆ ಆ ಮಾತನ್ನು ಇನ್ನೂ ಚೆನ್ನಾಗಿ ಹೇಳುವ ಕನ್ನಡ ನನಗೂ ಗೊತ್ತಿಲ್ಲ.

ಮಳೆಗಾಲ ಕಳೆದ ಮೇಲೆ ಸಾಕಿನಾಕಾದಲ್ಲಿ ಒಂದು ಸಣ್ಣ ಕಂಪನಿಗೆ ಸಂದರ್ಶನಕ್ಕೆ ಹೋದಳು. ನೀರಿನ ಪಂಪು, ಲಿಫ್ಟುಗಳಿಗೆ ಕಂಟ್ರೋಲ್ ಪ್ಯಾನೆಲ್ ಮಾಡುವ ಕಂಪನಿ. ಕೂತ ಕೂಡಲೇ ತನ್ನ ಕಣ್ಣಿನ ವಿಷಯ ತಾನೇ ಹೇಳಿದಳಂತೆ. ಮಾಲೀಕರು ಗುಜರಾತಿ ಹಿರಿಯರು. ಹಾಗಾದರೆ ವಯರಿಂಗ್ ಹೇಗೆ ನೋಡುತ್ತೀ ಎಂದು ಕೇಳಿದರು. ಅವಳು ಅಲ್ಲೇ ಇದ್ದ ತೆರೆದ ಪ್ಯಾನೆಲ್ಲಿನ ಮುಂದೆ ನಿಂತು, ಮೀಟರ್ ಕೇಳಿ ಪಡೆದು ತೋರಿಸಿದಳು. ಆಮೇಲೆ ಅವರನ್ನೇ ಕೇಳಿದಳು, ನಿಮ್ಮ ಪ್ಯಾನೆಲ್ಲಿನಲ್ಲಿ ಪಂಪು ಓಡುತ್ತಿದ್ದರೆ ಹಸಿರು ದೀಪ, ಕೆಟ್ಟರೆ ಕೆಂಪು ದೀಪ, ಎರಡೂ ಒಂದೇ ಆಕಾರ, ಅಕ್ಷರವಿಲ್ಲ. ಅದನ್ನು ನೋಡುವ ವಾಚ್‌ಮನ್ ನನ್ನಂಥವನಾಗಿದ್ದರೆ? ಅವರಿಗೆ ಆ ಪ್ರಶ್ನೆ ಹಿಡಿಸಿತು. ಕೆಲಸ ಕೊಟ್ಟರು.

ಈಗ ಅವಳ ಕೆಲಸ ಪ್ಯಾನೆಲ್ಲುಗಳ ನಕ್ಷೆ ಹಾಕುವುದು, ತಯಾರಾದದ್ದನ್ನು ಪರೀಕ್ಷೆ ಮಾಡುವುದು. ಆ ಕಂಪನಿಯ ಪ್ಯಾನೆಲ್ಲಿನ ದೀಪಗಳ ಕೆಳಗೆ ಈಗ ದಪ್ಪ ಅಕ್ಷರದಲ್ಲಿ ಹೆಸರಿರುತ್ತದೆ. ಓಡುವ ದೀಪ ದುಂಡಗೆ, ಕೆಟ್ಟದ್ದನ್ನು ಹೇಳುವ ದೀಪ ಚೌಕ, ಮತ್ತು ಅದು ಮಿಣುಕುತ್ತದೆ. ನಮ್ಮ ಬಿಲ್ಡಿಂಗಿನ ಪಂಪಿಗೂ ಅಂಥದೊಂದು ಬಂದಿದೆ. ನಾನು ಕೆಳಗೆ ಹೋದಾಗಲೆಲ್ಲ ಒಂದು ಗಳಿಗೆ ನಿಂತು ಅದನ್ನು ನೋಡಿಯೇ ಮುಂದೆ ಹೋಗುತ್ತೇನೆ. ವಾಚ್‌ಮನ್ನಿಗೆ ನನ್ನ ಬಗ್ಗೆ ಅನುಮಾನ ಬಂದಿರಬೇಕು.

ಮದುವೆಯ ಮಾತು ಬಂದದ್ದು ಅದಾದ ಮೇಲೆ. ಸಾಂತಾಕ್ರೂಜಿನಲ್ಲಿರುವ ಬೆಳಗಾವಿ ಕಡೆಯ ಮನೆತನ. ಹುಡುಗ ವಿಮಾನ ನಿಲ್ದಾಣದ ಹತ್ತಿರದ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ. ಹುಡುಗನೂ ಅವನ ತಾಯಿಯೂ ನಮ್ಮ ಮನೆಗೆ ಬಂದರು. ಅವಲಕ್ಕಿ, ಚಹಾ ಆಯಿತು. ನಮ್ಮ ಮಾತು ಊರು, ಬಂಧು ಬಳಗದ ಕಡೆ ಹರಿಯುತ್ತಿರುವಾಗ ಮಗಳು ನಡುವೆ ಬಾಯಿ ಹಾಕಿದಳು.

"ಆಂಟಿ, ಒಂದ್ ಮಾತು ಮೊದ್ಲೇ ಹೇಳ್ತೀನಿ. ನಂಗೆ ಕೆಂಪು ಹಸ್ರು ಫರಕ್ ಗೊತ್ತಾಗಲ್ಲ. ಡಾಕ್ಟರ್‌ನ ಕೇಳಿದೀನಿ. ನಂಗೆ ಗಂಡುಮಕ್ಕಳು ಆದ್ರೆ ಎಲ್ರಿಗೂ ಇದು ಬರ್ತದೆ. ಶಾಯದ್ ಅಲ್ಲ, ಪಕ್ಕಾ."

ನನ್ನ ಹೆಂಡತಿ ಕಣ್ಣು ಮುಚ್ಚಿಕೊಂಡಳು. ಹುಡುಗ ತಾಯಿಯ ಮುಖ ನೋಡಿದ. ಆ ತಾಯಿ ಬಟ್ಟಲು ಕೆಳಗಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದರು: "ನಮ್ಮ ಮನ್ಯಾಗಿನ ಗಂಡಸರಿಗೆ ಎಲ್ಲಾ ಬಣ್ಣ ಕಾಣ್ತಾವ. ಕಣ್ಣಮುಂದಿನ ಉಪ್ಪಿನ ಡಬ್ಬಿ ಮಾತ್ರ ಕಾಣಾಂಗಿಲ್ಲ. ಅದರಕಿಂತ ಇದು ಪಾಡ ಬಿಡು."

ಮೊದಲು ನಕ್ಕವನು ಹುಡುಗ. ಆಮೇಲೆ ಎಲ್ಲರೂ. ಅವರು ಹೋದಮೇಲೆ ಹೆಂಡತಿ, "ಇಷ್ಟ ಲಗೂನ ಹೇಳೂದು ಏನಿತ್ತವ್ವಾ?" ಎಂದು ಮಗಳನ್ನು ಕೇಳಿದಳು. "ಆಮೇಲೆ ಹೇಳಿದ್ರೆ ಚೀಟಿಂಗ್ ಆಗ್ತದೆ ಮಮ್ಮಿ," ಎಂದಳು ಅವಳು, ಬಟ್ಟಲು ಎತ್ತಿಡುತ್ತ. ಆ ವಾರದೊಳಗೆ ಸಾಂತಾಕ್ರೂಜಿನಿಂದ ಒಪ್ಪಿಗೆ ಬಂತು. ಮದುವೆಗೆ ನಮ್ಮ ಕುರ್ಲಾದ ಡಾಕ್ಟರೂ ಬಂದು ಮಗಳ ಎರಡೂ ಕೆನ್ನೆ ಹಿಡಿದು ಹರಸಿ ಹೋದರು.

ಮಗಳು ಈಗ ಬಸುರಿ. ಹೋದ ತಿಂಗಳು ಸಾಂತಾಕ್ರೂಜಿನ ಅವರ ಮನೆಯಲ್ಲಿ ಕುಬಸದ ಶಾಸ್ತ್ರ ಮಾಡಿದರು. ನಮ್ಮ ಕಡೆ ಕುಬಸಕ್ಕೆ ಹಸಿರು ಸೀರೆ, ಹಸಿರು ಬಳೆ. ಮಗಳು ಮಣೆಯ ಮೇಲೆ ಕೂತು, ತೊಡಿಸಿದ ಬಳೆಗಳನ್ನು ಕಣ್ಣ ಹತ್ತಿರ ತಂದು ತಿರುಗಿಸಿ ನೋಡಿದಳು. "ಅತ್ತೀ, ಇದು ಹಸ್ರೇ ತಾನೇ?" ಎಂದು ಎಲ್ಲರೆದುರೇ ಕೇಳಿದಳು.

"ಹಸರ ಐತಿ ತಾಯಿ, ಗಿಣಿ ಹಸರ," ಎಂದರು ಅತ್ತೆ. ಇನ್ನೂ ಉಳಿದಿದ್ದ ಬಳೆಗಳನ್ನು ಒಂದೊಂದಾಗಿ ಅವಳ ಕೈಗೆ ಏರಿಸುತ್ತ, ಸುತ್ತ ಕೂತ ಹೆಂಗಸರಿಗೆ ತಮ್ಮ ಸೊಸೆ ಸಂದರ್ಶನದಲ್ಲಿ ಮಾಲೀಕರನ್ನು ಏನು ಕೇಳಿದಳು ಎಂಬುದನ್ನು ಹೇಳತೊಡಗಿದರು. ನಾನು ಬಾಗಿಲ ಪಕ್ಕ ನಿಂತು ಕೇಳುತ್ತಿದ್ದೆ. ನನಗೆ ಗೊತ್ತಿದ್ದ ಕತೆಯೇ. ಆದರೆ ಅವರು ನನಗಿಂತ ಚೆನ್ನಾಗಿ ಹೇಳುತ್ತಿದ್ದರು.